ಚಾರ್ಜ್ ಅಂದರೆ ಬಸ್ಸಿನ ದುಡ್ಡಾ, ಬ್ಯಾಟರಿಯಾ, ಲಾಠಿ ಏಟಾ?

ನಿಮ್ಮ ಪ್ರಶ್ನೆ ಇದು: ಬಸ್ ಚಾರ್ಜ್, ಮೊಬೈಲ್ ಚಾರ್ಜ್, ಲಾಠಿ ಚಾರ್ಜ್, ಚಾರ್ಜ್‌ಶೀಟ್, ಇನ್‌ಚಾರ್ಜ್ ಅಂತ ಒಂದೇ ಪದಕ್ಕೆ ಇಷ್ಟೊಂದು ಅರ್ಥ ಯಾಕೆ? ಪರೀಕ್ಷೆಗೆ ಎಲ್ಲವನ್ನೂ ಬಾಯಿಪಾಠ ಮಾಡಬೇಕಾ?

ಬೇಡ. ದಾವಣಗೆರೆಯಲ್ಲಿ ಕಾಂಪಿಟೇಟಿವ್ ಪರೀಕ್ಷೆಗೆ ಓದುವ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಲ್ಲೂ ಇದೇ ಗೋಳು. ಬುಡ ಹಿಡಿದರೆ ಸಾಕು, ರೆಂಬೆಗಳು ತಾವಾಗಿ ಕೈಗೆ ಬರುತ್ತವೆ.

ಲ್ಯಾಟಿನ್‌ನಲ್ಲಿ ಕಾರಸ್ ಅಂದರೆ ಗಾಡಿ. ಅದರಿಂದ ಬಂದ ಕ್ಯಾರಿಕಾರೆ ಅಂದರೆ ಗಾಡಿಗೆ ಸರಕು ಹೇರುವುದು. ಅದೇ ಫ್ರೆಂಚರ ಬಾಯಲ್ಲಿ ಬದಲಾಗಿ ಇಂಗ್ಲಿಷ್‌ಗೆ ಚಾರ್ಜ್ ಆಗಿ ಬಂತು. ಕಾರು, ಕ್ಯಾರಿ, ಕಾರ್ಗೋ ಎಲ್ಲ ಅದೇ ಮನೆತನ. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಎಪಿಎಂಸಿಗೆ ಹೋಗಿ ನೋಡಿ. ಹಮಾಲರು ಬೆನ್ನು ಬಗ್ಗಿಸಿ, ಹಲಗೆ ಹತ್ತಿ, ಲಾರಿಗೆ ಚೀಲ ಹೇರಿ, ಮತ್ತೆ ಓಡಿ ಬರುತ್ತಾರೆ. ಮೊದಲಿಗೆ ಚಾರ್ಜ್ ಅಂದರೆ ಈ ಕೆಲಸವೇ.

ಆಮೇಲೆ ಹೊರೆ ಯಾವುದು ಅನ್ನೋದಷ್ಟೇ ಬದಲಾಯಿತು. ದುಡ್ಡಿನ ಹೊರೆ ಬಸ್ ಚಾರ್ಜ್. (2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಇದು ಇಳಿಯಿತು. ಖಾಸಗಿ ಬಸ್ ಹತ್ತಿದರೆ ಮಾತ್ರ ಪರ್ಸ್ ತೆಗೆಯಲೇಬೇಕು.) ಕೆಲಸದ ಹೊರೆ ಹೊತ್ತವರು ಇನ್‌ಚಾರ್ಜ್. ತಪ್ಪಿನ ಹೊರೆ ಹೊರಿಸಿದರೆ ಚಾರ್ಜ್‌ಶೀಟ್. ಇಂಗ್ಲಿಷಿನವರದ್ದು ವಿಚಿತ್ರ ಅಂತ ನಗುವ ಹಾಗಿಲ್ಲ. ನಾವೂ ಆರೋಪ ಹೊರಿಸುತ್ತೇವೆ, ತೆರಿಗೆ ಹೇರುತ್ತೇವೆ, ಜವಾಬ್ದಾರಿ ಹೊರುತ್ತೇವೆ, ಅಲ್ವಾ?

ಮೊಬೈಲಿಗೆ ಇದು ಬಂದ ದಾರಿ ನನಗೆ ಬಹಳ ಇಷ್ಟ. ಚಿತ್ರದುರ್ಗದ ಕೋಟೆಗೆ ಹೋದವರು ಗುಂಡಿಯಲ್ಲಿರುವ ಸಿಡಿಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತೀರಿ. ಒಬ್ಬಿಬ್ಬರಿಂದ ಅಲುಗುವ ಕಲ್ಲಂತೂ ಅಲ್ಲ. ಅಂಥ ಕಲ್ಲಿನಲ್ಲಿ ಬೀಸಿದ ಮದ್ದನ್ನು ಒಂದು ಸಲ ಹಾರಿಸುವುದಕ್ಕೆ ಎಷ್ಟು ಬೇಕೋ ಅಷ್ಟು ಫಿರಂಗಿಗೆ ತುಂಬುತ್ತಾರಲ್ಲ, ಇಂಗ್ಲಿಷ್‌ನಲ್ಲಿ ಅದೂ ಒಂದು ಚಾರ್ಜ್. 1740ರ ದಶಕದಲ್ಲಿ ಗಾಜಿನ ಜಾಡಿಯಲ್ಲಿ ವಿದ್ಯುತ್ ಕೂಡಿಡುವ ವಿದ್ಯೆ ಬಂತು. ಲೇಡನ್ ಜಾಡಿ ಅಂತ ಅದರ ಹೆಸರು. ಅದರ ಜೊತೆ ಆಟವಾಡುತ್ತಿದ್ದ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಜಾಡಿ ತುಂಬುವುದಕ್ಕೂ ಚಾರ್ಜ್ ಅಂದ. ಅಂಥ ಜಾಡಿಗಳ ಸಾಲಿಗೆ ಬ್ಯಾಟರಿ ಅಂದ. ಬ್ಯಾಟರಿ ಅನ್ನೋದೂ ಸುಮ್ನೆ ಬಂದ ಹೆಸರಲ್ಲ, ಫಿರಂಗಿಗಳ ಸಾಲಿಗೆ ಆಗಲೇ ಇದ್ದ ಹೆಸರು. ನಿಮ್ಮ ಜೇಬಿನ ಫೋನು ಮಾತಿನ ಮಟ್ಟಿಗೆ ಪೂರ್ತಿ ಯುದ್ಧದ ಸಾಮಾನು.

ಲಾಠಿ ಚಾರ್ಜ್‌ಗೂ ನಂಟು ಅಲ್ಲೇ. ಆಯುಧ ಸಜ್ಜು ಮಾಡುವ ಮಾತು ಹಾಗೇ ಸರಿದು, ಶತ್ರುವಿನ ಮೇಲೆ ನುಗ್ಗುವುದಕ್ಕೂ ನಿಂತಿತು ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಡಿಸ್‌ಚಾರ್ಜ್ ಇನ್ನೂ ಸುಲಭ: ಹೊರೆ ಇಳಿಸುವುದು. ಆಸ್ಪತ್ರೆಯಿಂದ ಮನೆಗೆ ಕಳಿಸಿದರೂ ಅದೇ, ಬ್ಯಾಟರಿ ಖಾಲಿಯಾದರೂ ಅದೇ.

ಪರೀಕ್ಷೆಯಲ್ಲಿ ಅಂಕ ಹೋಗುವುದು ಅರ್ಥಕ್ಕಿಂತ ಪಕ್ಕದ ಪುಟ್ಟ ಪದದಲ್ಲಿ. ಕಳ್ಳತನದ ಆರೋಪವಾದರೆ ‘ಚಾರ್ಜ್‌ಡ್ ವಿತ್’. ಯಾವುದಕ್ಕೋ ದುಡ್ಡು ತಗೊಂಡರೆ ‘ಚಾರ್ಜ್‌ಡ್ ಫಾರ್’. ಗೂಳಿ ಮೈಮೇಲೆ ನುಗ್ಗಿದರೆ ‘ಚಾರ್ಜ್‌ಡ್ ಅಟ್’. ಇನ್ನೊಂದು ಕಡೆ ಹುಷಾರು: ನರ್ಸ್ ‘ಇನ್ ಚಾರ್ಜ್ ಆಫ್’ ಪೇಷೆಂಟ್ ಅಂದರೆ ನೋಡಿಕೊಳ್ಳುವವರು ನರ್ಸ್. ನಡುವೆ ‘ದ’ ಸೇರಿಸಿ ‘ಇನ್ ದ ಚಾರ್ಜ್ ಆಫ್’ ಅಂದಿರೋ, ಪೇಷೆಂಟೇ ನರ್ಸನ್ನು ನೋಡಿಕೊಳ್ಳಬೇಕಾಗುತ್ತದೆ.