ಆ ಎರಡು ವಾಕ್ಯಗಳನ್ನು ತಿದ್ದಿ ಕಳಿಸಿ

ನಮಸ್ಕಾರ. ತಿರುಗುವ ಡ್ರಮ್ಮಿನೊಳಗೆ ಮರಳು ಹೇಗೆ ಕುಸಿಯುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಸಿಮೆಂಟ್ ಗೂಡಿನ ಭಾಗ ಚೆನ್ನಾಗಿದೆ. ಆದರೆ ಎರಡನೇ ಪುಟದ ಎರಡು ವಾಕ್ಯಗಳನ್ನು ಹೀಗೇ ಅಚ್ಚಿಗೆ ಬಿಡಲು ನನಗೆ ಮನಸ್ಸಿಲ್ಲ.

ಒಂದು: ‘ಇಳಿಜಾರು 30 ಡಿಗ್ರಿ ಮುಟ್ಟಿದೊಡನೆ ಇಡೀ ಮರಳು ನೀರಿನಂತೆ ಹರಿಯತೊಡಗುತ್ತದೆ.’

‘30 ಡಿಗ್ರಿ’ ಯಾವ ಮರಳಿಗೆ? ನುಣುಪಾದ ಗಾಜಿನ ಮಣಿಗಳು 25ರ ಆಸುಪಾಸಿಗೇ ಜಾರುತ್ತವೆ. ಒರಟು ಮರಳು 35ರವರೆಗೂ ತಡೆದೀತು, ತೇವವಿದ್ದರೆ ಇನ್ನೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಎರಡು ಕೋನಗಳಿವೆ: ಕುಸಿಯುವ ಮುನ್ನ ಇಳಿಜಾರು ಏರುವ ಕೋನ ಮತ್ತು ಕುಸಿದು ನಿಂತ ಮೇಲಿನ ಕೋನ. ನಿಂತ ಕಾಳು ಕೆಳಗಿನ ಕಾಳುಗಳ ನಡುವಿನ ಗುಳಿಯಲ್ಲಿ ಕೂತಿರುತ್ತದೆ. ಅದು ಹೊರಬೀಳಲು ಹೆಚ್ಚು ಇಳಿಜಾರು ಬೇಕು, ಓಟ ಹಿಡಿದ ಮೇಲೆ ಕಡಿಮೆ ಸಾಕು. ಈ ಎರಡರ ಅಂತರವೇ ಕುಸಿತದ ಗಡಿಯಾರ. ಅಂತರ 3 ಡಿಗ್ರಿ, ಡ್ರಮ್ 10 ನಿಮಿಷಕ್ಕೆ ಒಂದು ಸುತ್ತು ಎಂದಿಟ್ಟುಕೊಳ್ಳಿ: ಸೆಕೆಂಡಿಗೆ 0.6 ಡಿಗ್ರಿ, ಅಂದರೆ ಸುಮಾರು 5 ಸೆಕೆಂಡಿಗೊಂದು ಕುಸಿತ. ವೇಗ ಹೆಚ್ಚಿಸಿದರೆ ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿ ಹರಿವು ನಿರಂತರವಾಗುತ್ತದೆ. ಇನ್ನೂ ಹೆಚ್ಚಿಸಿ, 20 ಸೆಂ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ 95 ಸುತ್ತು ಮುಟ್ಟಿದರೆ ಮರಳು ಗೋಡೆಗೇ ಅಂಟಿ ಸುತ್ತುತ್ತದೆ. ವೇಗ ಹೇಳದೆ ಬರೆದ ವಾಕ್ಯಕ್ಕೆ ಅರ್ಥವೇ ಇಲ್ಲ.

‘ಇಡೀ ಮರಳು’ ತಪ್ಪು. ಓಡುವುದು ಮೇಲಿನ ತೆಳು ಪದರ, ಹೆಚ್ಚುಕಡಿಮೆ ಹತ್ತು ಕಾಳಿನಷ್ಟು ದಪ್ಪ. ಉಳಿದದ್ದು ಗಟ್ಟಿ ಮುದ್ದೆಯಾಗಿ ಡ್ರಮ್ಮಿನ ಜೊತೆ ತಿರುಗುತ್ತದೆ. ‘ನೀರಿನಂತೆ’ ಹೊಡೆದುಹಾಕಿ, ನೀರು ಓರೆಯಾಗಿ ನಿಲ್ಲುವುದಿಲ್ಲ.

ಕುಸಿತ ಯಾವ ಗಾತ್ರದ್ದೂ ಆಗಬಹುದೆಂಬ 1987ರ ಮರಳುಗುಡ್ಡೆ ಮಾದರಿಯನ್ನು (ಅದು ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕ) ನೆಚ್ಚಿದ್ದೀರಿ. 1989ರಲ್ಲಿ ಷಿಕಾಗೋದಲ್ಲಿ ಭೌತವಿಜ್ಞಾನಿಗಳಾದ ಯೇಗರ್, ಲಿಯು, ನೇಗಲ್ ನಿಜವಾದ ಡ್ರಮ್ ತಿರುಗಿಸಿ ನೋಡಿದಾಗ ಕುಸಿತಗಳು ಬಹುಮಟ್ಟಿಗೆ ಸಮ ಅಂತರದಲ್ಲಿ ಬಂದವು. ಅದನ್ನೂ ಸೇರಿಸಿ.

ಎರಡು: ‘ಸುತ್ತಿಸಿದಷ್ಟೂ ಚೆನ್ನಾಗಿ ಬೆರೆಯುತ್ತದೆ.’

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯ ಸಂಪಾದಕರು ಇಂಥ ವಾಕ್ಯದ ಪಕ್ಕ ‘ಮಾಡಿ ನೋಡಿದಿರಾ?’ ಎಂದಷ್ಟೇ ಬರೆದು ಹಿಂದಿರುಗಿಸುತ್ತಿದ್ದರು. ನಾನೂ ಅದನ್ನೇ ಕೇಳುತ್ತೇನೆ. ಸಪಾಟು ತಳದ ಗಾಜಿನ ಭರಣಿಯ ಮೂರನೇ ಒಂದು ಭಾಗಕ್ಕೆ ಒಣ ಹೆಸರುಕಾಳು, ರಾಗಿ ತುಂಬಿ; ರಾಗಿಯ ಪ್ರಮಾಣ ಹೆಸರುಕಾಳಿನ ಅರ್ಧದಷ್ಟಿರಲಿ. ಮುಚ್ಚಳ ಹಾಕಿ, ಅಡ್ಡ ಮಲಗಿಸಿ, ಮೇಜಿನ ಮೇಲೆ ನಿಧಾನ ಉರುಳಿಸಿ. ನಾಲ್ಕೈದು ಸುತ್ತಾದ ಮೇಲೆ ತಳದ ಗಾಜಿನಿಂದ ನೋಡಿ: ರಾಗಿ ರಾಶಿಯ ನಡುವೆ ಸೇರಿರುತ್ತದೆ, ಹೆಸರುಕಾಳು ಹೊರಸುತ್ತಿನಲ್ಲಿ. ಓಡುವ ಪದರ ಸಡಿಲಾದಾಗ ಸಂದುಗಳಲ್ಲಿ ಸಣ್ಣ ಕಾಳು ಕೆಳಗಿಳಿಯುತ್ತದೆ, ಗೋಡೆಯವರೆಗೆ ಓಡದೆ ಒಳಗೇ ನಿಂತುಬಿಡುತ್ತದೆ. ಬದಿಯಿಂದ ಮಾತ್ರ ನೋಡಿದರೆ ಬರೀ ಹೆಸರುಕಾಳು ಕಂಡು ಮೋಸಹೋಗುತ್ತೀರಿ.

ಗಾತ್ರ ಒಂದೇ ಇದ್ದರೂ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ತುಂಬಿದರೆ ನಿಧಾನ ತಿರುಗುವ ಡ್ರಮ್ಮಿನ ನಟ್ಟನಡುವಿನ ತಿರುಳು ಓಡುವ ಪದರಕ್ಕೆ ಬರುವುದೇ ಇಲ್ಲ, ಬೆರೆಯುವುದೂ ಇಲ್ಲ.

ಈ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಡ್ರಮ್ಮಿನ ವ್ಯಾಸ, ತುಂಬಿದ ಪ್ರಮಾಣ, ಕಾಳಿನ ಗಾತ್ರ, ಸುತ್ತಿನ ವೇಗ ನಾಲ್ಕೂ ಅದರಲ್ಲಿರಲಿ.