ಕಪಾಟಿನೊಳಗಿನ ಗಂಟಲು

ಸಾಗರದ ಓದುಗರೊಬ್ಬರ ಪತ್ರ: ‘ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳು ಎಲ್ಲರಿಗೂ ಸಿಗಲಿ ಎಂದು ಬರೆದಿದ್ದಿರಿ. ಸಿಕ್ಕರೆ ರಿಂಗ್‌ಟೋನ್ ಮಾಡಿಕೊಳ್ಳುತ್ತಾರೆ, ಅಷ್ಟೇ. ಸಂಶೋಧಕರಿಗೆ ಸಿಕ್ಕರೆ ಸಾಲದೇ?’

ಸಂಪಾದಕರ ಉತ್ತರ:

ಸಾಲದು ಸ್ವಾಮಿ. ನಿಮ್ಮ ಅಕ್ಷರ ಮುತ್ತಿನಂತಿದೆ, ಮಾತು ಮಾತ್ರ ಒಪ್ಪುವಂತಿಲ್ಲ.

ಹಳೆಯ ಧ್ವನಿಮುದ್ರಣಗಳನ್ನು ಕಾಪಿಡುವ ಭಂಡಾರದವರ ಕಷ್ಟ ನನಗೂ ಗೊತ್ತು. ಹಳೇ ಟೇಪು ಅಂಟಿಕೊಳ್ಳುತ್ತದೆ, ಅರಗಿನ ಗ್ರಾಮಫೋನ್ ತಟ್ಟೆ ಕೈಜಾರಿದರೆ ಚೂರು. ಆಕಾಶವಾಣಿಯವರು ಕೆಲವು ಸಂಗೀತ ಕಛೇರಿಗಳನ್ನು ಸಿ.ಡಿ. ಮಾಡಿ ಮಾರಿದ್ದೂ ಉಂಟು. ಹಕ್ಕುಸ್ವಾಮ್ಯದ ಗಂಟೂ ಇದೆ, ಸರಿ. ಆದರೆ ಪ್ರಕಟವಾದ ಧ್ವನಿಮುದ್ರಣದ ಹಕ್ಕು ನಮ್ಮ ಕಾನೂನಿನಲ್ಲಿ 60 ವರ್ಷಕ್ಕೆ ಮುಗಿಯುತ್ತದೆ (ಹಾಡು ಬರೆದವರದು ಬೇರೆ ಲೆಕ್ಕ). ಭಂಡಾರದ ಬೀಗಕ್ಕೆ ಮಾತ್ರ ಅವಧಿಯೇ ಇಲ್ಲ, ಅಲ್ವಾ?

1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದರು. ಮೈಕ್ ಇಲ್ಲದ ಕಾಲ. ತುತ್ತೂರಿಯಂಥ ಕೊಳವೆಯೊಳಗೆ ಹಾಡಬೇಕು, ಎರಡು ಮೂರು ನಿಮಿಷದಲ್ಲಿ ಮುಗಿಸಬೇಕು. ಕೊನೆಗೆ ಆಕೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡು ಅಂತ ಅಲ್ಲಿನವರಿಗೆ ತಿಳಿಯಬೇಕಲ್ಲ! ಆಕೆ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ. ಆ ಹಾಡು ಈಗ ಮೊಬೈಲ್‌ನಲ್ಲೇ ಸಿಗುತ್ತದೆ. ಪಕ್ಕದ ಮನೆಯ ಹುಡುಗಿಗೆ ಕೇಳಿಸಿದೆ. ಆ ಕೂಗಿಗೆ ಕಿಸಕ್ಕನೆ ನಕ್ಕಳು. ಆಮೇಲೆ ‘ಇನ್ನೊಂದ್ಸಲ ಹಾಕಿ ಅಂಕಲ್’ ಅಂದಳು. ಅವಳು ಸಂಶೋಧಕಿಯಲ್ಲ, ಏಳನೇ ಕ್ಲಾಸು.

ನಾನೂ ಸಂಶೋಧಕನಲ್ಲ. ಒಮ್ಮೆ ಒಂದು ಭಂಡಾರಕ್ಕೆ ಹೋಗಿದ್ದೆ, ಹೆಸರು ಬೇಡ. ‘ಯಾವ ಯೂನಿವರ್ಸಿಟಿ?’ ಅಂದರು. ಯಾವುದೂ ಅಲ್ಲ, ಸುಮ್ನೆ ಕೇಳೋಕೆ ಬಂದೆ ಅಂದೆ. ‘ಸುಮ್ನೆ ಕೇಳೋಕೆ’ ಎಂಬ ಕಾಲಂ ಅವರ ಅರ್ಜಿಯಲ್ಲಿರಲಿಲ್ಲ. ಮೂರನೇ ಸಲ ಹೋದಾಗ ಹೆಡ್‌ಫೋನ್ ಕೊಟ್ಟರು. ಅದರ ಒಂದು ಕಿವಿ ಸತ್ತಿತ್ತು. ತಂಬೂರಿ ಎಡಕ್ಕೆ ಇತ್ತೋ ಬಲಕ್ಕೆ ಇತ್ತೋ, ದೇವರೇ ಬಲ್ಲ.

ಆಕಾಶವಾಣಿ ಎಂಬ ಹೆಸರಿಗೂ ಮೈಸೂರಿಗೂ ಹಳೇ ನಂಟು. 1935ರಲ್ಲಿ ಅಲ್ಲಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು, ಆ ಕೇಂದ್ರದ ಹೆಸರೇ ಆಕಾಶವಾಣಿ. ಮನೆಯ ದನಿ ಊರಿಗೆಲ್ಲ ಕೇಳಲಿ ಅಂತ. ಈಗ ಊರಿನ ದನಿ ಕಪಾಟು ಸೇರಿದೆ. ದನಿ ಯಾಕೆ, ನಮ್ಮ ಲೈಬ್ರರಿಗಳನ್ನೇ ನೋಡಿ. ಒಳ್ಳೆಯ ಪುಸ್ತಕವೆಲ್ಲ ಗಾಜಿನ ಹಿಂದೆ, ಬೀಗದ ಕೈ ರಜೆಯಲ್ಲಿರುವವರ ಜೇಬಿನಲ್ಲಿ.

ಇನ್ನು ನಿಮ್ಮ ರಿಂಗ್‌ಟೋನ್ ಭಯ. ಬಸ್ಸಿನಲ್ಲಿ ಯಾರದೋ ಜೇಬಿನಿಂದ ಮಲ್ಲಿಕಾರ್ಜುನ ಮನ್ಸೂರರ ದನಿ ಎದ್ದರೆ, ಅವರು ಫೋನ್ ಎತ್ತದಿರಲಿ ಅಂತ ನಾನಂತೂ ಹರಕೆ ಹೊರುತ್ತೇನೆ.