ಆ ಕಪ್ಪು ವಿನೆಗರ್ ಗೋಬಿ ಮಂಚೂರಿಗೆ ಹಾಕಬಹುದಾ?

ಪ್ರಶ್ನೆ: ಇಟಲಿಗೆ ಹೋಗಿದ್ದ ಮಗ 100 ಎಂಎಲ್‌ನ ಪುಟ್ಟ ಬಾಟಲಿ ತಂದುಕೊಟ್ಟಿದ್ದಾನೆ. ಮೊದೆನಾ ಊರಿನ ಬಾಲ್ಸಾಮಿಕ್ ವಿನೆಗರ್ ಅಂತೆ. ಕಪ್ಪಗೆ, ಜೋನಿಬೆಲ್ಲದ ಹಾಗೆ ಮಂದ. ಬೆಲೆ ಕೇಳಿ ಎದೆ ಧಸಕ್ಕೆಂದಿತು! ಇದೇ ಹೆಸರಿನದು ಇಲ್ಲಿನ ಸೂಪರ್ ಮಾರ್ಕೆಟ್‌ನಲ್ಲಿ ಎಷ್ಟೋ ಕಡಿಮೆಗೆ ಸಿಗುತ್ತದಲ್ವಾ? ಗೋಬಿ ಮಂಚೂರಿಗೆ ಹಾಕಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಯ್ಯೋ, ಮಂಚೂರಿಗೆ ಬೇಡ! ಮೊದಲು ಲೇಬಲ್ ನೋಡಿ. ‘ತ್ರಾದಿತ್ಸಿಯೊನಾಲೆ’ (ಸಾಂಪ್ರದಾಯಿಕ) ಮತ್ತು ಡಿಒಪಿ (ಮೂಲ ಊರನ್ನು ಖಾತ್ರಿಪಡಿಸುವ ಯುರೋಪಿನ ಮುದ್ರೆ) ಅಂತ ಇದ್ದರೆ ಅದು ಅಸಲಿ ಹಳೇ ಸರಕು. ಬುಡ ಚೌಕ, ಮೇಲೆ ಗುಂಡಗಿನ ಬಾಟಲಿ ತಾನೇ? ಕಾರುಗಳ ವಿನ್ಯಾಸಕ್ಕೆ ಹೆಸರಾದ ಜುಜಾರೊ ರೂಪಿಸಿದ್ದು ಅದು. ಮೊದೆನಾದಲ್ಲಿ ಯಾರೇ ತಯಾರಿಸಲಿ, ಈ ದರ್ಜೆಯದಕ್ಕೆ ಅದೇ ಬಾಟಲಿ.

ಇದರಲ್ಲಿ ದ್ರಾಕ್ಷಿರಸ ಬಿಟ್ಟರೆ ಬೇರೇನಿಲ್ಲ. ರಸವನ್ನು ತೆರೆದ ಪಾತ್ರೆಯಲ್ಲಿ ಕಾಯಿಸಿ ಬತ್ತಿಸುತ್ತಾರೆ, ಹುಳಿ ಬರಿಸುತ್ತಾರೆ, ಆಮೇಲೆ ಅಟ್ಟದ ಮೇಲೆ ಸಾಲಾಗಿಟ್ಟ ದೊಡ್ಡದರಿಂದ ಚಿಕ್ಕದರವರೆಗಿನ ಮರದ ಪೀಪಾಯಿಗಳಿಗೆ ತುಂಬುತ್ತಾರೆ. ಓಕ್, ಚೆಸ್ಟ್‌ನಟ್, ಚೆರಿ, ಹಿಪ್ಪುನೇರಳೆ, ಹೀಗೆ ಒಂದೊಂದು ಒಂದೊಂದು ಮರದ್ದು. ಬೇಸಿಗೆಯ ಸೆಕೆಗೆ ನೀರು ಆರಿ ರಸ ಮಂದವಾಗುತ್ತದೆ. ಪ್ರತಿ ವರ್ಷ ತೀರಾ ಚಿಕ್ಕ ಪೀಪಾಯಿಯಿಂದ ಸ್ವಲ್ಪ ತೆಗೆದು, ಖಾಲಿಯಾದಷ್ಟನ್ನು ಅದಕ್ಕಿಂತ ದೊಡ್ಡದರಿಂದ ತುಂಬಿಸುತ್ತಾ ಹೋಗುತ್ತಾರೆ. ಕನಿಷ್ಠ 12 ವರ್ಷ ಕಳೆಯಬೇಕು. ‘ಎಕ್ಸ್‌ತ್ರಾವೆಕ್ಕಿಯೊ’ (ತೀರಾ ಹಳೇದು) ಅಂತಿದ್ದರೆ 25. ಬೆಲೆ ಯಾಕಷ್ಟು ಅಂತ ಈಗ ಗೊತ್ತಾಯಿತಲ್ಲ!

ಅಗ್ಗದ್ದು ಸಾಮಾನ್ಯವಾಗಿ ಐಜಿಪಿ, ಅಂದರೆ ಡಿಒಪಿಗಿಂತ ಸಡಿಲ ನಿಯಮದ ಮುದ್ರೆಯದು. ದ್ರಾಕ್ಷಿರಸಕ್ಕೆ ವೈನ್ ವಿನೆಗರ್ ಬೆರೆಸಿ, 60 ದಿನ ಮರದಲ್ಲಿಟ್ಟರೂ ಸಾಕು. ಬಣ್ಣಕ್ಕೆ ಕ್ಯಾರಮೆಲ್ ಸೇರಿಸಲೂ ಅನುಮತಿ ಇದೆ. ಅದೇನೂ ಕೆಟ್ಟದ್ದಲ್ಲ, ಸಲಾಡ್‌ಗೆ, ಈರುಳ್ಳಿ ಹುರಿಯೋಕೆ, ಮ್ಯಾರಿನೇಡ್‌ಗೆ ಧಾರಾಳವಾಗಿ ಬಳಸಿ. ಆದರೆ ಮಂದವಾಗಿದೆ ಅಂದ ಮಾತ್ರಕ್ಕೆ ಹಳೇದು ಅಂದುಕೊಳ್ಳಬೇಡಿ, ‘ಗ್ಲೇಜ್’ ಹೆಸರಿನವಕ್ಕೆ ಪಿಷ್ಟವನ್ನೋ ಗೋಂದನ್ನೋ ಹಾಕಿ ಮಂದ ಮಾಡಿರುತ್ತಾರೆ.

ನಿಮ್ಮದನ್ನು ಒಲೆ ಮೇಲೆ ಇಡಲೇಬೇಡಿ, ಘಮ ಹಾರಿಹೋದರೆ ದುಡ್ಡು ನೀರುಪಾಲು. ಮೊದಲು ಚಮಚದಲ್ಲಿ ಒಂದೆರಡು ತೊಟ್ಟು ಸುಮ್ನೆ ನೆಕ್ಕಿ ನೋಡಿ. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ಮರದ ವಾಸನೆ ಬರಬೇಕು. ಹೆಚ್ಚಿದ ಸ್ಟ್ರಾಬೆರಿ ಅಥವಾ ವೆನಿಲಾ ಐಸ್‌ಕ್ರೀಮ್ ಮೇಲೆ ನಾಲ್ಕು ಹನಿ ಬಿಟ್ಟರೆ, ಆಹಾ! ಅಲ್ಲಿಯವರು ಪಾರ್ಮೆಜಾನ್ ಚೀಸ್ ತುಂಡಿನ ಮೇಲೆ ಬಿಟ್ಟು ತಿನ್ನುತ್ತಾರೆ. ಆ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ, ಸಸ್ಯಾಹಾರಿಗಳಾದರೆ ನೋಡಿಕೊಳ್ಳಿ. ಆಮ್ಲೆಟ್, ರಿಸೊಟ್ಟೊ (ಇಟಲಿಯ ಅನ್ನದ ತಿನಿಸು) ಇವಕ್ಕಾದರೆ ಒಲೆಯಿಂದ ಇಳಿಸಿ ತಟ್ಟೆಗೆ ಬಡಿಸಿದ ಮೇಲೆ ಹಾಕಿ.

ಫ್ರಿಜ್ ಬೇಡ. ಮುಚ್ಚಳ ಬಿಗಿ ಮಾಡಿ, ಇಂಗು-ಮಸಾಲೆ ಡಬ್ಬಿಗಳಿಂದ ದೂರ ಇಡಿ.